‘ಏಕೆಂದರೆ ಅವನು ಇವನ ಹಣ’: ಬಿಷಪ್ ಕೊಲೆನ್ಸೊ ಪ್ರಕರಣ

ದಕ್ಷಿಣ ಆಫ್ರಿಕದ ನಟಾಲ್ ಸೀಮೆ. ಪೀಟರ್‌ಮಾರಿಟ್ಸ್‌ಬರ್ಗ್ ಊರಿನ ಹೊರಗೆ ಒಂದು ಮಿಷನ್ ಮನೆ, ಹೆಸರು ಎಕುಖಾನ್ಯೇನಿ. ಜುಲು ಮಾತಿನಲ್ಲಿ ‘ಬೆಳಕಿನ ತಾವು’ ಎಂದರ್ಥ. 1860ರ ಆಸುಪಾಸು. ಅಲ್ಲಿ ಇಬ್ಬರು ಕೂತು ಬೈಬಲ್ಲನ್ನು ಜುಲು ಭಾಷೆಗೆ ತರುತ್ತಿದ್ದಾರೆ. ಒಬ್ಬ ನಟಾಲ್‌ನ ಮೊದಲ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ. ಇನ್ನೊಬ್ಬ ಅವನ ಜುಲು ಸಹಾಯಕ. ಬಿಷಪ್ ತನಗೆ ಬಂದಷ್ಟು ಜುಲುವಿನಲ್ಲಿ ವಾಕ್ಯದ ಅರ್ಥ ಬಿಡಿಸಿ ಹೇಳಬೇಕು. ಸಹಾಯಕ ಅದನ್ನು ತನ್ನವರು ಆಡುವ ಹಾಗೆ ತಿರುಗಿ ಹೇಳಬೇಕು. ಹೇಳಿದ್ದನ್ನು ಬಿಷಪ್ ಬರೆದುಕೊಳ್ಳಬೇಕು.

ಬೈಬಲ್ಲಿನ ಎರಡನೆಯ ಪುಸ್ತಕವಾದ ವಿಮೋಚನಕಾಂಡದ 21ನೆಯ ಅಧ್ಯಾಯ ಬಂತು. ಹತ್ತು ಆಜ್ಞೆಗಳ ಬೆನ್ನಿಗೇ ಬರುವ ಕಾನೂನುಗಳು ಇವು. ಸೀನಾಯಿ ಬೆಟ್ಟದಲ್ಲಿ ದೇವರೇ ಇಸ್ರಾಯೇಲ್ಯರ ನಾಯಕ ಮೋಶೆಗೆ ಹೇಳಿದ್ದು ಎಂಬುದು ಒಕ್ಕಣೆ. 20 ಮತ್ತು 21ನೆಯ ವಚನಗಳ ಸಾರ ಹೀಗಿದೆ: ಒಬ್ಬನು ತನ್ನ ದಾಸನನ್ನೋ ದಾಸಿಯನ್ನೋ ಕೋಲಿನಿಂದ ಹೊಡೆದು, ಅವರು ಅವನ ಕೈಯಲ್ಲೇ ಸತ್ತರೆ ದಂಡನೆ ಆಗಬೇಕು; ಒಂದೆರಡು ದಿನ ಉಳಿದರೆ ದಂಡನೆ ಇಲ್ಲ, ಏಕೆಂದರೆ ಅವನು ಇವನ ಹಣ. ಹೀಬ್ರೂ ಮೂಲದಲ್ಲಿ ಆ ಕೊನೆಯ ತುಂಡು ಮೂರೇ ಪದ: ಕೀ ಕಸ್ಪೊ ಹೂ. ಕೆಸೆಫ್ ಅಂದರೆ ಬೆಳ್ಳಿ. ಅವನು ಇವನ ಬೆಳ್ಳಿ.

ಸಹಾಯಕನ ಮನಸ್ಸು ತಿರುಗಿಬಿತ್ತು. ಎಲ್ಲರ ತಂದೆಯಾದ ದಯಾಮಯ ದೇವರು ಒಬ್ಬ ಆಳನ್ನು ಬರೀ ದುಡ್ಡು ಎನ್ನುವುದುಂಟೇ? ಪೆಟ್ಟು ತಿಂದವನು ಕೆಲವು ತಾಸು ಜೀವ ಹಿಡಿದುಕೊಂಡಿದ್ದ ಮಾತ್ರಕ್ಕೆ ಹೊಡೆದವನನ್ನು ಬಿಟ್ಟುಬಿಡುವುದುಂಟೇ? ಆ ಕ್ಷಣವನ್ನು ತಾನೆಂದೂ ಮರೆಯಲಾರೆ, ತನ್ನ ಮನಸ್ಸಾಕ್ಷಿಯೂ ಅವನ ಕಡೆಗೇ ಇತ್ತು ಎಂದು ಕೊಲೆನ್ಸೊ ಆಮೇಲೆ ಬರೆದ. ಪುಸ್ತಕದಲ್ಲಿ ಸಹಾಯಕನ ಹೆಸರಿಲ್ಲ. ಇತಿಹಾಸ ಬರೆದವರು ಅವನನ್ನು ವಿಲಿಯಂ ಎನ್‌ಗಿಡಿ ಎಂದು ಗುರುತಿಸುತ್ತಾರೆ.

ಬಿಷಪ್ ಆ ಹೊತ್ತಿಗೆ ಒಂದು ಸಮಾಧಾನ ಹೇಳಿದ. ಈ ಮಾತುಗಳನ್ನು ಬರೆದಿಟ್ಟವನು ಮೋಶೆ. ತನ್ನ ಎದೆಯಲ್ಲಿ ಹುಟ್ಟಿದ ಯೋಚನೆ ದೇವರ ಪ್ರೇರಣೆಯಿಂದಲೇ ಬಂತು ಎಂದು ಅವನು ನಂಬಿದ್ದ. ಹಾಗಾಗಿ ಇಂಥ ಕಾನೂನುಗಳ ತಲೆಗೆಲ್ಲ ‘ಯೆಹೋವನು ಮೋಶೆಗೆ ಹೇಳಿದ್ದೇನಂದರೆ’ ಎಂದು ಹಾಕಿದ. ಅಷ್ಟರಿಂದ ದೇವರೇ ಬಾಯಿಬಿಟ್ಟು ಹೇಳಿದ ಎಂದು ನಾವು ತಿಳಿಯಬೇಕಾಗಿಲ್ಲ. ಇಷ್ಟು ಹೇಳಿ ಆ ದಿನ ಪಾರಾದ. ಆದರೆ ಪಂಚಗ್ರಂಥಗಳ (ಮೋಶೆಯದೆನ್ನುವ, ಬೈಬಲ್ಲಿನ ಮೊದಲ ಐದು ಪುಸ್ತಕಗಳ) ಸತ್ಯಕ್ಕೆ ತನ್ನನ್ನು ಕಟ್ಟಿದ್ದ ಹಗ್ಗದ ಮೇಲೆ ಇದು ಬಲವಾದ ಜಗ್ಗಾಟವಾಗಿತ್ತು, ಅಲ್ಲಿಂದೀಚೆಗೆ ಆ ಹಗ್ಗ ಪೂರ್ತಿ ಹರಿದುಹೋಗಿದೆ ಎಂದೂ ಅವನೇ ಒಪ್ಪಿಕೊಂಡಿದ್ದಾನೆ.

ಕೊಲೆನ್ಸೊ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬೈಬಲ್ಲಿನ ಸಂಖ್ಯೆಗಳ ಮೇಲೆ ಅವನು ಹಾಕಿದ ಲೆಕ್ಕಗಳು. ನನ್ನ ಪ್ರಕಾರ ಪ್ರಕರಣದ ಬೀಜ ಆ ಸಮಾಧಾನದ ಮಾತಿನಲ್ಲಿದೆ. ಹೀಬ್ರೂ ಧರ್ಮಶಾಸ್ತ್ರವನ್ನು ಹೇಳಿದವರು ಯಾರು, ಬರೆದವರು ಯಾರು ಎಂಬ ಪ್ರಶ್ನೆಗೆ ಒಬ್ಬ ಬಿಷಪ್ ತನ್ನ ಸಹೋದ್ಯೋಗಿಯ ಮುಖ ನೋಡಿಕೊಂಡು ಕೊಟ್ಟ ಉತ್ತರ ಅದು. ಮುಂದೆ ಇಪ್ಪತ್ತು ವರ್ಷ ಅವನು ಬರೆದದ್ದೆಲ್ಲ ಆ ಉತ್ತರಕ್ಕೆ ಒದಗಿಸಿದ ಪುರಾವೆ. ಅವನ ಮೇಲೆ ನಡೆದ ವಿಚಾರಣೆಗಳು ಅದನ್ನು ಬಿಟ್ಟು ಸುತ್ತಮುತ್ತ ಎಲ್ಲವನ್ನೂ ತೀರ್ಮಾನಿಸಿದವು.

ಲೆಕ್ಕದ ಮೇಷ್ಟ್ರು

1814ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದವನು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1836ರಲ್ಲಿ ಎರಡನೆಯ ಸ್ಥಾನ. ಹ್ಯಾರೊ ಶಾಲೆಯಲ್ಲಿ ಗಣಿತ ಕಲಿಸಿದ, ಅಲ್ಲಿ ಮನೆಗೆ ಬೆಂಕಿ ಬಿದ್ದು ಸಾಲಕ್ಕೆ ಸಿಕ್ಕಿಕೊಂಡ, ಬೀಜಗಣಿತ ಮತ್ತು ಅಂಕಗಣಿತದ ಪಠ್ಯ ಬರೆದು ಆ ಸಾಲ ತೀರಿಸಿದ. ವಿಕ್ಟೋರಿಯಾ ಕಾಲದ ಮಕ್ಕಳಿಗೆ ಕೊಲೆನ್ಸೊ ಅಂದರೆ ಲೆಕ್ಕದ ಪುಸ್ತಕ. 1853ರಲ್ಲಿ ಬಿಷಪ್ ಪದವಿ ಬಂತು, 1855ರಲ್ಲಿ ನಟಾಲ್‌ನಲ್ಲಿ ನೆಲೆಸಿದ. ಜುಲು ವ್ಯಾಕರಣ ಬರೆದ. 1861ರಲ್ಲಿ ಜುಲು–ಇಂಗ್ಲಿಷ್ ನಿಘಂಟು ತಂದ. ಹಲವು ಹೆಂಡಿರಿದ್ದವನು ಕ್ರೈಸ್ತನಾಗಬೇಕಾದರೆ ಒಬ್ಬಳನ್ನುಳಿದು ಮಿಕ್ಕವರನ್ನು ಮನೆಯಿಂದ ಹೊರಡಿಸಬೇಕು ಎಂಬ ಮಿಷನರಿ ಪಟ್ಟನ್ನು ವಿರೋಧಿಸಿದ. ಜುಲು ಜನ ಅವನನ್ನು ಸೊಬಂಟು ಎಂದು ಕರೆದರು, ಜನರ ತಂದೆ ಎಂದು. ಎಕುಖಾನ್ಯೇನಿಯಲ್ಲಿ ಬೆಳೆದ ಮಗೇಮಾ ಫೂಝೆ ಮುಂದೆ ಜುಲು ಭಾಷೆಯಲ್ಲೇ ತನ್ನ ಜನರ ಚರಿತ್ರೆ ಬರೆದ.

ದಾಸನ ವಚನಕ್ಕೆ ಮೊದಲು ಇನ್ನೊಂದು ಪ್ರಶ್ನೆ ಎದ್ದಿತ್ತು. ಜಲಪ್ರಳಯದ ಕಥೆ ಅನುವಾದಿಸುವಾಗ ಸಹಾಯಕ ತಲೆಯೆತ್ತಿ, ಇದೆಲ್ಲ ನಿಜವೇ ಎಂದು ಕೇಳಿದ. ಬಿಸಿಲ ಸೀಮೆಯ, ಚಳಿಯ ಸೀಮೆಯ ಪ್ರಾಣಿ, ಪಕ್ಷಿ, ಹರಿದಾಡುವ ಜಂತು ಎಲ್ಲವೂ ಜೋಡಿಜೋಡಿಯಾಗಿ ಬಂದು ದೋಣಿ ಹತ್ತಿದವು ಎಂದು ನೀವು ನಿಜಕ್ಕೂ ನಂಬುತ್ತೀರಾ? ಮಾಂಸ ತಿನ್ನುವ ಮೃಗಗಳಿಗೂ ನೋಹನೇ ಮೇವು ಕೂಡಿಸಿಟ್ಟನೇ? ಭೂವಿಜ್ಞಾನ ಓದಿಕೊಂಡಿದ್ದ ಕೊಲೆನ್ಸೊಗೆ ಹೌದು ಎನ್ನಲು ನಾಲಿಗೆ ಏಳಲಿಲ್ಲ. ದೇವರ ಹೆಸರಿನಲ್ಲಿ ಸುಳ್ಳು ಹೇಳಲೇ ಎಂದು ತನ್ನನ್ನೇ ಕೇಳಿಕೊಂಡ. ಯುರೋಪಿನಿಂದ ಜರ್ಮನ್ ಪಂಡಿತರ ಪುಸ್ತಕ ತರಿಸಿ ಓದಲು ಕೂತ. 1862ರ ಅಕ್ಟೋಬರಿನಲ್ಲಿ ಮೋಶೆಯ ಐದು ಪುಸ್ತಕಗಳು ಮತ್ತು ಯೆಹೋಶುವನ ಪುಸ್ತಕದ ಪರಿಶೀಲನೆಯ ಮೊದಲ ಭಾಗ ಲಂಡನ್ನಿನಲ್ಲಿ ಹೊರಬಂತು. ಏಳನೆಯ ಭಾಗ ಬರುವಷ್ಟರಲ್ಲಿ 1879.

ಮೊದಲ ಭಾಗ ಹೆಚ್ಚೂಕಡಿಮೆ ಪೂರ್ತಿ ಲೆಕ್ಕ. ಐಗುಪ್ತದಿಂದ (ಈಜಿಪ್ಟಿನಿಂದ) ಹೊರಟ ಇಸ್ರಾಯೇಲ್ಯರಲ್ಲಿ ಯುದ್ಧಕ್ಕೆ ಶಕ್ತರಾದ ಗಂಡಸರೇ 6,03,550 ಎಂದು ಅರಣ್ಯಕಾಂಡ ಹೇಳುತ್ತದೆ. (ನಮ್ಮ ಬೈಬಲ್ ಅನುವಾದಕರು ಈ ಪುಸ್ತಕಗಳಿಗೆ ರಾಮಾಯಣದ ರೂಢಿಯಲ್ಲಿ ಕಾಂಡ ಎಂದರು, ಅರಣ್ಯಕಾಂಡ ಎಂಬ ಹೆಸರು ಹೀಬ್ರೂವಿನ ‘ಅಡವಿಯಲ್ಲಿ’ ಎಂಬ ಹೆಸರಿಗೆ ಹತ್ತಿರ. ಇಂಗ್ಲಿಷಿನವರು ಅದನ್ನೇ ‘ಸಂಖ್ಯೆಗಳು’ ಎನ್ನುತ್ತಾರೆ. ಕೊಲೆನ್ಸೊ ಕೈಗೆ ಸಿಕ್ಕಿದ್ದು ಆ ಹೆಸರಿನ ಪುಸ್ತಕ!) ಹೆಂಗಸರು ಮಕ್ಕಳನ್ನು ಸೇರಿಸಿದರೆ ಇಪ್ಪತ್ತು ಲಕ್ಷ ದಾಟುತ್ತದೆ. ಈಗ ಯಾಜಕಕಾಂಡ ತೆಗೆಯಿರಿ. ಜನಸಮೂಹವೆಲ್ಲ ದೇವದರ್ಶನದ ಗುಡಾರದ ಬಾಗಿಲಲ್ಲಿ ನೆರೆಯಿತು ಎಂದಿದೆ. ಗುಡಾರದ ಅಗಲ 18 ಅಡಿ. ಆಳಿಗೆ ಎರಡಡಿಯಂತೆ ಒಂದು ಸಾಲಿಗೆ ಒಂಬತ್ತು ಜನ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಬಿಟ್ಟರೂ, ಗಂಡಸರು ಮಾತ್ರ ನಿಂತರೂ, ಸರತಿ ಇಪ್ಪತ್ತು ಮೈಲಿಯ ಹತ್ತಿರಕ್ಕೆ ಹೋಗುತ್ತದೆ. ಅಂಗಳದ ಒಳಗೆ ತುಂಬೋಣ ಎಂದರೆ ಗುಡಾರ ಕಳೆದು ಉಳಿಯುವ ಜಾಗ 1,692 ಚದರ ಗಜ, ಒತ್ತೊತ್ತಾಗಿ ನಿಂತರೆ ಐದು ಸಾವಿರ ಮಂದಿ.

ಇದಕ್ಕಿಂತ ಚುರುಕಾದದ್ದು ಕಾನೂನಿನ ಲೆಕ್ಕ. ಹೆತ್ತ ತಾಯಿ ಶುದ್ಧಿಗಾಗಿ ಒಂದು ಕುರಿ, ಒಂದು ಪಾರಿವಾಳ ತಂದು ಒಪ್ಪಿಸಬೇಕು. ಬಡವಳಾದರೆ ಎರಡು ಪಾರಿವಾಳ. ಪಾಪಪರಿಹಾರಕ್ಕೆ ಬಂದ ಹಕ್ಕಿಯ ಮಾಂಸವನ್ನು ಯಾಜಕರು ಪವಿತ್ರ ಸ್ಥಳದಲ್ಲೇ ಉಣ್ಣಬೇಕು. ಆಗ ಇದ್ದ ಯಾಜಕರು ಮೂರೇ ಮಂದಿ: ಆರೋನ, ಅವನ ಮಕ್ಕಳಾದ ಎಲ್ಲಾಜಾರ ಮತ್ತು ಈತಾಮಾರ. ಅಷ್ಟು ಜನಸಂಖ್ಯೆಯಲ್ಲಿ ದಿನಕ್ಕೆ 264 ಹೆರಿಗೆ ಎಂದು ಹಿಡಿದರೆ ಒಬ್ಬೊಬ್ಬ ಯಾಜಕನ ಪಾಲಿಗೆ ದಿನಾ 88 ಪಾರಿವಾಳ. ಅಡವಿಯಲ್ಲಿ ಅಷ್ಟು ಪಾರಿವಾಳ ಎಲ್ಲಿಂದ ಬಂದವು ಎಂಬ ಪ್ರಶ್ನೆ ಬೇರೆ.

ಬಲಿ ಕೊಟ್ಟ ಹೋರಿಯ ಚರ್ಮ, ತಲೆ, ಕಾಲು, ಕರುಳು, ಸಗಣಿ ಎಲ್ಲವನ್ನೂ ಯಾಜಕ ಪಾಳೆಯದ ಹೊರಕ್ಕೆ ಒಯ್ದು ಸುಡಬೇಕು ಎಂಬ ವಿಧಿಯೂ ಅವನ ಕಣ್ಣಿಗೆ ಬಿತ್ತು. ಜನರನ್ನು ಎಷ್ಟೇ ಇಕ್ಕಟ್ಟಿನಲ್ಲಿ ತುರುಕಿದರೂ ನಡುವಿನಿಂದ ಹೊರಗಂಚಿಗೆ ಮುಕ್ಕಾಲು ಮೈಲಿ. ಒಬ್ಬ ಪ್ರಸಿದ್ಧ ವ್ಯಾಖ್ಯಾನಕಾರ ಒಪ್ಪಿದ ಅಳತೆ ಹಿಡಿದರೆ ಆರು ಮೈಲಿ. ವಿರೋಧಿಗಳು ಇಲ್ಲಿ ಅವನನ್ನು ಹಿಡಿದರು. ಹೀಬ್ರೂ ಕ್ರಿಯಾಪದ ಪ್ರೇರಣಾರ್ಥಕ ರೂಪದಲ್ಲಿದೆ, ಬಿಷಪ್ಪನ ಹೀಬ್ರೂ ಹಸಿ ಎಂದರು. ‘ಒಯ್ಯಬೇಕು’ ಮತ್ತು ‘ಒಯ್ಯಿಸಬೇಕು’ ನಡುವಣ ಅಂತರ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಆಕ್ಷೇಪಕ್ಕೆ ತೂಕವಿದೆ ಎಂದೇ ನನಗನ್ನಿಸುತ್ತದೆ. ‘ಸಾವಿರ’ ಎನ್ನುವ ಎಲೆಫ್ ಪದಕ್ಕೆ ಕುಲದ ತುಕಡಿ ಎಂಬ ಅರ್ಥವೂ ಇದೆ ಎಂದು ಮುಂದಿನ ಪಂಡಿತರು ತೋರಿಸಿದರು. ಪಾರಿವಾಳದ ಲೆಕ್ಕಕ್ಕೆ ಮಾತ್ರ ವ್ಯಾಕರಣದಲ್ಲಿ ಔಷಧಿ ಸಿಗಲಿಲ್ಲ.

ಮೊಲದ್ದೂ ಒಂದು ಕಥೆಯಿದೆ. ಮೊಲ ಮೆಲುಕು ಹಾಕುತ್ತದೆ, ಆದರೆ ಗೊರಸು ಸೀಳಿಲ್ಲ, ಆದ್ದರಿಂದ ತಿನ್ನಬಾರದು ಎಂದು ಯಾಜಕಕಾಂಡದ 11ನೆಯ ಅಧ್ಯಾಯ ಹೇಳುತ್ತದೆ. ಕೊಲೆನ್ಸೊ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್‌ಗೆ ಬರೆದು ಕೇಳಿದ. ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ ಎಂದು ಉತ್ತರ ಬಂತು. ದೇವರಿಗೆ ಮೊಲದ ಹೊಟ್ಟೆ ಗೊತ್ತಿರಲಿಲ್ಲವೇ ಎಂದು ಊರೆಲ್ಲ ನಗಾಡಿತು.

ನಕ್ಕವರಲ್ಲಿ ಬಿಷಪ್ಪನನ್ನೇ ನೋಡಿ ನಕ್ಕವರೂ ಇದ್ದರು. ಜುಲುಗಳನ್ನು ಮತಾಂತರಿಸಲು ಹೋದವನನ್ನು ಜುಲು ಒಬ್ಬ ಮತಾಂತರಿಸಿ ಕಳಿಸಿದ ಎಂದು ಲಂಡನ್ನಿನಲ್ಲಿ ಚುಟುಕ ಕಟ್ಟಿದರು. ಕವಿ ಮ್ಯಾಥ್ಯೂ ಆರ್ನಲ್ಡ್ 1863ರ ಜನವರಿಯಲ್ಲಿ ಅವನನ್ನು ಹದಿನೇಳನೆಯ ಶತಮಾನದ ತತ್ವಜ್ಞಾನಿ ಸ್ಪಿನೋಜನ ಪಕ್ಕ ನಿಲ್ಲಿಸಿ ಕುಗ್ಗಿಸಿದ: ಈ ಪುಸ್ತಕ ಪಂಡಿತರಿಗೆ ಹೊಸದೇನನ್ನೂ ಕಲಿಸುವುದಿಲ್ಲ, ಸಾಮಾನ್ಯರ ಮನಸ್ಸನ್ನು ಎತ್ತುವುದೂ ಇಲ್ಲ ಎಂಬುದು ಅವನ ತಕರಾರು. ಕೊಲೆನ್ಸೊ ಲೆಕ್ಕವನ್ನೇ ಯಾಕೆ ಆರಿಸಿಕೊಂಡ ಎಂಬುದು ಆರ್ನಲ್ಡ್‌ಗೆ ಹೊಳೆಯಲಿಲ್ಲವೇನೋ. ದಾಸನ ವಚನ ಕಂಡು ನನ್ನ ಮನಸ್ಸು ನೊಂದಿತು ಎಂದರೆ, ನಿನ್ನ ಮನಸ್ಸಿಗಿಂತ ದೇವರ ಮಾತು ದೊಡ್ಡದು ಎಂದು ಬಾಯಿ ಮುಚ್ಚಿಸಬಹುದು. 6,03,550ನ್ನು 9ರಿಂದ ಭಾಗಿಸಿದರೆ ಹಾಗೆ ಮುಚ್ಚಿಸಲಾಗದು. ಅದಕ್ಕೇ ಅವನು ನೋವನ್ನು ಮುನ್ನುಡಿಯಲ್ಲಿಟ್ಟು ಭಾಗಾಕಾರವನ್ನು ಅಧ್ಯಾಯಗಳಿಗೆ ಹಂಚಿದ ಎಂದು ನನ್ನ ಊಹೆ.

ಹಳೆಯ ಅನುಮಾನ

ಪ್ರಶ್ನೆ ಕೊಲೆನ್ಸೊ ಹುಟ್ಟುಹಾಕಿದ್ದಲ್ಲ. ಮೋಶೆ ಸತ್ತ ಸುದ್ದಿ ಮೋಶೆಯ ಪುಸ್ತಕದಲ್ಲೇ ಇದೆಯಲ್ಲ ಎಂದು ಯಹೂದ್ಯರ ಹಳೆಯ ವ್ಯಾಖ್ಯಾನಗ್ರಂಥವಾದ ತಾಲ್ಮುದಿನ ಪಂಡಿತರೇ ಕೇಳಿಕೊಂಡಿದ್ದರು. ಕೊನೆಯ ಎಂಟು ವಚನ ಯೆಹೋಶುವ ಬರೆದ ಎಂದು ಒಂದು ಪಕ್ಷ. ದೇವರು ಹೇಳುತ್ತ ಹೋದ, ಮೋಶೆ ಕಣ್ಣೀರಿಡುತ್ತ ಬರೆದ ಎಂದು ಇನ್ನೊಂದು. ಹನ್ನೆರಡನೆಯ ಶತಮಾನದ ಯಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರ, ‘ಆಗ ಆ ದೇಶದಲ್ಲಿ ಕಾನಾನ್ಯರಿದ್ದರು’ ಎಂಬ ಆದಿಕಾಂಡದ ವಾಕ್ಯದ ಬಳಿ, ಇಲ್ಲೊಂದು ಗುಟ್ಟಿದೆ, ಬಲ್ಲವನು ಸುಮ್ಮನಿರುವನು ಎಂಬರ್ಥದ ಮಾತು ಬರೆದು ಮುಂದೆ ಹೋದ. ಮೋಶೆಯ ಕಾಲದಲ್ಲಿ ಕಾನಾನ್ಯರು ಅಲ್ಲೇ ಇದ್ದರು. ‘ಆಗ’ ಎಂದವನು ಅವರು ಹೋದಮೇಲಿನವನೇ ಆಗಿರಬೇಕು. ಸುಮ್ಮನಿರದವನು ಸ್ಪಿನೋಜ. 1670ರಲ್ಲಿ ಆ ಗುಟ್ಟನ್ನು ಬಿಡಿಸಿ ಬೀದಿಗೆ ತಂದ.

ಯಹೂದ್ಯರಿಗೂ ಇಂಗ್ಲೆಂಡಿನ ಕ್ರೈಸ್ತರಿಗೂ ಈ ಪ್ರಶ್ನೆಯ ಭಾರ ಒಂದೇ ಅಲ್ಲ. ಯಹೂದ್ಯ ಈ ಕಾನೂನಿನೊಳಗೆ ಬದುಕುತ್ತಾನೆ. ಅಡುಗೆ, ವಾರದ ದಿನ, ಮದುವೆ, ಸಾವು ಎಲ್ಲ ಅದರ ಅಳತೆಗೇ ನಡೆಯುತ್ತವೆ. ಟೋರಾ (ಈ ಐದು ಪುಸ್ತಕಗಳ ಧರ್ಮಶಾಸ್ತ್ರ) ಸ್ವರ್ಗದಿಂದ ಬಂದದ್ದಲ್ಲ ಎನ್ನುವವನಿಗೆ ಮುಂದಿನ ಲೋಕದಲ್ಲಿ ಪಾಲಿಲ್ಲ ಎಂದು ಅವರ ಹಳೆಯ ಕಾನೂನುಸಂಗ್ರಹ ಮಿಷ್ನಾ ಹೇಳಿತು. ಮಧ್ಯಯುಗದ ಯಹೂದಿ ಪಂಡಿತ ಮೈಮೋನಿಡೀಸ್ ಅದನ್ನು ತನ್ನ ಹದಿಮೂರು ಮೂಲತತ್ವಗಳಲ್ಲಿ ಎಂಟನೆಯದಾಗಿಸಿದ. ಕೊಲೆನ್ಸೊ ಮೇಲೆ ಮುಗಿಬಿದ್ದ ಬಿಷಪ್ಪರಾದರೋ ಹಂದಿಮಾಂಸ ತಿಂದು, ಶನಿವಾರ ಕೆಲಸ ಮಾಡಿ, ನಾರೂ ಉಣ್ಣೆಯೂ ಬೆರೆತ ಬಟ್ಟೆ ತೊಟ್ಟವರು. ತಾವು ಪಾಲಿಸದ ಕಾನೂನನ್ನು ಯಾರು ಬರೆದರೆ ಇವರಿಗೇನು? ಕಾರಣ ಇತ್ತು. ಮೋಶೆ ನನ್ನ ವಿಷಯವಾಗಿ ಬರೆದಿದ್ದಾನೆ ಎಂದು ಯೋಹಾನನ ಸುವಾರ್ತೆಯಲ್ಲಿ ಯೇಸು ಹೇಳುತ್ತಾನೆ. ಬರೆದವನು ಮೋಶೆ ಅಲ್ಲವಾದರೆ ಯೇಸುವಿಗೆ ಅದು ಗೊತ್ತಿರಲಿಲ್ಲವೇ? ಯೇಸು ಮನುಷ್ಯನಾಗಿ ಹುಟ್ಟಿ ಬೆಳೆದವನು, ಗ್ರಂಥಕರ್ತರ ವಿಷಯದಲ್ಲಿ ತನ್ನ ಕಾಲದ ಯಹೂದ್ಯರಿಗೆ ತಿಳಿದಷ್ಟೇ ಅವನಿಗೂ ತಿಳಿದಿತ್ತು ಎಂದ ಕೊಲೆನ್ಸೊ. ಪಾರಿವಾಳವನ್ನು ನುಂಗಿಕೊಂಡವರಿಗೂ ಇದು ಗಂಟಲಲ್ಲಿ ನಿಂತಿತು.

ವೇದ ಅಪೌರುಷೇಯ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಪರಿಚಿತ ಜಗಳ ಎನಿಸಬಹುದು. ಅಲ್ಲ. ಮೀಮಾಂಸಕರ ವೇದಕ್ಕೆ ಕರ್ತೃವೇ ಇಲ್ಲ, ದೇವರೂ ಅದರ ಕರ್ತೃವಲ್ಲ. ಹಾಗಾಗಿ ಬರೆದವನು ಯಾರು, ಯಾವಾಗ ಎಂಬ ಪ್ರಶ್ನೆಗೆ ಅಲ್ಲಿ ಕಾಲೂರಲು ನೆಲವಿಲ್ಲ. ಮೋಶೆಯ ಶಾಸ್ತ್ರಕ್ಕೆ ಇಂಥ ಬೆಟ್ಟ, ಇಂಥ ತಿಂಗಳು, ಇಷ್ಟು ಜನ ಎಂಬ ವಿಳಾಸವಿದೆ. ವಿಳಾಸ ಕೊಟ್ಟಮೇಲೆ ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆ.

ಅದೇ ದಾಸ, ಮೂರು ಕಾನೂನು

ಎನ್‌ಗಿಡಿ ಎತ್ತಿದ ವಿಷಯವನ್ನೇ ಹಿಡಿದು ನೋಡೋಣ. ದಾಸರ ಬಿಡುಗಡೆಯ ಕಾನೂನು ಈ ಐದು ಪುಸ್ತಕಗಳಲ್ಲಿ ಮೂರು ಕಡೆ ಬರುತ್ತದೆ.

ವಿಮೋಚನಕಾಂಡ 21: ಇಬ್ರಿಯ (ಹೀಬ್ರೂ) ದಾಸ ಆರು ವರ್ಷ ದುಡಿದು ಏಳನೆಯದರಲ್ಲಿ ಏನೂ ತೆರದೆ ಬಿಡುಗಡೆಯಾಗಿ ಹೊರಡಬೇಕು. ಧಣಿ ಕಟ್ಟಿದ ಹೆಂಡತಿ, ಹುಟ್ಟಿದ ಮಕ್ಕಳು ಧಣಿಗೇ ಉಳಿಯುತ್ತಾರೆ. ತಂದೆ ಮಗಳನ್ನು ಮಾರಿದ್ದರೆ ಆಕೆಗೆ ಗಂಡಾಳಿನ ಹಾಗೆ ಬಿಡುಗಡೆ ಇಲ್ಲ. ಧರ್ಮೋಪದೇಶಕಾಂಡ 15: ಏಳನೆಯ ವರ್ಷ ಬಿಡುಗಡೆ ಗಂಡಿಗೂ ಉಂಟು, ಹೆಣ್ಣಿಗೂ ಉಂಟು, ಬರಿಗೈಯಲ್ಲಿ ಕಳಿಸಕೂಡದು, ಕುರಿ, ಕಣದ ಕಾಳು, ದ್ರಾಕ್ಷಾರಸ ಕೊಟ್ಟು ಕಳಿಸಬೇಕು. ಯಾಜಕಕಾಂಡ 25: ಇಸ್ರಾಯೇಲ್ಯ ಬಡವಾಗಿ ತನ್ನನ್ನು ಮಾರಿಕೊಂಡರೂ ಅವನನ್ನು ದಾಸನಂತೆ ನಡೆಸಲೇಕೂಡದು, ಕೂಲಿಯವನಂತೆ ಇಟ್ಟುಕೊಳ್ಳಬೇಕು, ಆದರೆ ಬಿಡುಗಡೆ ಏಳನೆಯ ವರ್ಷಕ್ಕಲ್ಲ, ಐವತ್ತನೆಯ ಜೂಬಿಲಿ ವರ್ಷಕ್ಕೆ. ಪರಜಾತಿಯವರನ್ನು ಮಾತ್ರ ಕೊಂಡು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು.

ಮೂರಕ್ಕೂ ಒಬ್ಬನೇ ದೇವರು, ಒಬ್ಬನೇ ಮೋಶೆ, ನಲವತ್ತು ವರ್ಷದ ಒಂದೇ ಅಡವಿ. ರಬ್ಬಿಗಳು (ಯಹೂದಿ ಧರ್ಮಪಂಡಿತರು) ಇವುಗಳನ್ನು ಹೊಲಿದು ಒಂದು ಮಾಡಿದರು; ಅದು ಅವರ ಕಸುಬು, ಅದರಲ್ಲಿ ಅವರು ಗಟ್ಟಿಗರು. ಹೊಲಿಗೆ ಬಿಚ್ಚಿ ನೋಡಿದರೆ ಮೂರು ಕಾಲದ, ಮೂರು ಬಗೆಯ ಸಮಾಜದ ಕೈ ಕಾಣುತ್ತದೆ. ಮೊದಲನೆಯದು ಹಳ್ಳಿಗರದು. ಎರಡನೆಯದು ಮೊದಲನೆಯದನ್ನು ಎದುರಿಗಿಟ್ಟುಕೊಂಡು ಮೆದುಗೊಳಿಸಿದ್ದು. ಮೂರನೆಯದು ದೇವಾಲಯದ ಯಾಜಕರದು.

ಕೊಲೆನ್ಸೊ ವಿರುದ್ಧವೂ ಇಲ್ಲಿ ಒಂದು ಮಾತು ಹೇಳಬೇಕು. ಅವನೂ ಎನ್‌ಗಿಡಿಯೂ ಬೆಚ್ಚಿದ ವಚನಕ್ಕೆ ಐದೇ ವಚನ ಕೆಳಗೆ ಇನ್ನೊಂದಿದೆ: ಧಣಿ ಹೊಡೆದು ದಾಸನ ಕಣ್ಣು ಹೋದರೆ, ಒಂದು ಹಲ್ಲು ಉದುರಿದರೂ ಸರಿ, ಅದಕ್ಕೆ ಬದಲಾಗಿ ಅವನನ್ನು ಬಿಟ್ಟು ಕಳಿಸಬೇಕು. ‘ದಂಡನೆ’ ಎಂದಲ್ಲಿ ಮೂಲದ ಮಾತು ಸೇಡಿನದು. ಧಣಿಯನ್ನು ಕತ್ತಿಯಿಂದ ಕೊಲ್ಲಬೇಕೆಂದೇ ಅದರ ಅರ್ಥ ಎಂದು ರಬ್ಬಿಗಳು ಓದಿದರು. ಸ್ವಂತ ದಾಸನನ್ನು ಕೊಂದ ಧಣಿಗೆ ಸಾವಿನ ಶಿಕ್ಷೆ ಎಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಲಂಡನ್ನಿನ ಯಹೂದಿ ಪತ್ರಕರ್ತ ಅಬ್ರಹಾಂ ಬೆನಿಷ್ 1863ರಲ್ಲೇ ಕೊಲೆನ್ಸೊಗೆ ಪುಸ್ತಕರೂಪದಲ್ಲಿ ಉತ್ತರ ಕೊಟ್ಟ. ಮನೆಯವರನ್ನು ಕೇಳದೆ ಮನೆಯ ಗೋಡೆ ಅಳೆದ ಎಂಬ ದೂರು ಬಿಷಪ್ಪನ ಮೇಲೆ ಇದ್ದೇ ಇದೆ. ಇಷ್ಟೆಲ್ಲ ಹೇಳಿದ ಮೇಲೂ ‘ಕೀ ಕಸ್ಪೊ ಹೂ’ ಅಲ್ಲೇ ಇದೆ. ಪುಸ್ತಕ ಹೊರಬಂದ ದಿನಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಪಾದ್ರಿಗಳು ಗುಲಾಮಗಿರಿಯ ಸಮರ್ಥನೆಗೆ ಇದೇ ಕಾನೂನುಗಳನ್ನು ಓದುತ್ತಿದ್ದರು. ಅವರಿಗೆ ರಬ್ಬಿಗಳ ವ್ಯಾಖ್ಯಾನ ಬೇಕಿರಲಿಲ್ಲ.

ವಿಚಾರಣೆಗಳು

1863ರ ಆರಂಭದಲ್ಲಿ ಇಂಗ್ಲೆಂಡಿನ ಬಿಷಪ್ಪರು ಒಟ್ಟಾಗಿ ರಾಜೀನಾಮೆ ಕೇಳಿದರು. ಕೊಲೆನ್ಸೊ ಕೊಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ತಾನೇ ನ್ಯಾಯಪೀಠ ಹೂಡಿದ. ಆರೋಪ ಒಂಬತ್ತು. ಆರೋಪಿ ಆಗ ಇಂಗ್ಲೆಂಡಿನಲ್ಲಿದ್ದ, ಹಾಜರಾಗಲಿಲ್ಲ. ಅವನ ಪರವಾಗಿ ಭಾಷಾವಿಜ್ಞಾನಿ ವಿಲ್‌ಹೆಲ್ಮ್ ಬ್ಲೀಕ್ ಬಂದು, ನಿಮಗೆ ಈ ಅಧಿಕಾರವೇ ಇಲ್ಲ ಎಂಬ ಪ್ರತಿಭಟನೆ ಓದಿ ಕೂತ. ಡಿಸೆಂಬರಿನಲ್ಲಿ ಗ್ರೇ ಕೊಲೆನ್ಸೊನನ್ನು ಪದಚ್ಯುತಗೊಳಿಸಿದ.

ಅಷ್ಟರಲ್ಲಿ ಲಂಡನ್ನಿನಲ್ಲಿ ಬೇರೊಂದು ಮೊಕದ್ದಮೆಯ ತೀರ್ಪು ಬಂತು. ಬೈಬಲ್ಲಿನ ಪ್ರತಿಯೊಂದು ಭಾಗವೂ ದೈವಪ್ರೇರಿತ ಎಂದು ನಂಬುವುದನ್ನು ಇಂಗ್ಲೆಂಡಿನ ಚರ್ಚು ತನ್ನ ಪಾದ್ರಿಗಳಿಗೆ ಕಡ್ಡಾಯ ಮಾಡಿಲ್ಲ ಎಂದು ಮೇಲ್ಮನವಿಯ ಕೊನೆಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲಿನ ನ್ಯಾಯ ಸಮಿತಿ 1864ರ ಫೆಬ್ರವರಿಯಲ್ಲಿ ಹೇಳಿತು. ಕೊಲೆನ್ಸೊನ ಮೇಲ್ಮನವಿಯೂ ಅದೇ ಸಮಿತಿಯ ಮುಂದೆ ಹೋಯಿತು. 1865ರ ಮಾರ್ಚಿನಲ್ಲಿ ಲಾರ್ಡ್ ವೆಸ್ಟ್‌ಬರಿ ಕೊಟ್ಟ ತೀರ್ಪಿನಲ್ಲಿ ಮೋಶೆಯ ಸುದ್ದಿಯಿಲ್ಲ, ಪಾರಿವಾಳದ ಸುದ್ದಿಯೂ ಇಲ್ಲ. ಸ್ವಂತ ಶಾಸನಸಭೆ ಇರುವ ವಸಾಹತಿನಲ್ಲಿ ರಾಣಿಯ ಸನ್ನದೊಂದರಿಂದಲೇ ಒಬ್ಬ ಬಿಷಪ್ಪನಿಗೆ ಇನ್ನೊಬ್ಬನ ಮೇಲೆ ನ್ಯಾಯಾಧಿಕಾರ ಬರುವುದಿಲ್ಲ. ಆದ್ದರಿಂದ ಗ್ರೇ ನಡೆಸಿದ್ದೆಲ್ಲ ಶೂನ್ಯ. ಅಷ್ಟೇ. ವಕೀಲರು ಓದಿ ಚಪ್ಪರಿಸುವ ತೀರ್ಪು. ಪ್ರಶ್ನೆ ಇದ್ದಲ್ಲೇ ಇತ್ತು.

ಗ್ರೇ ಬಿಡುವ ಆಸಾಮಿಯಲ್ಲ. 1866ರ ಜನವರಿಯಲ್ಲಿ ಕೊಲೆನ್ಸೊನ ಬಹಿಷ್ಕಾರವನ್ನು ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ, ಅವನದೇ ಪ್ರಧಾನ ಚರ್ಚಿನಲ್ಲಿ ಓದಿಸಿದ. ವಸಾಹತು ಬಿಷಪ್ಪರ ನಿಧಿ ಸಂಬಳ ತಡೆಹಿಡಿಯಿತು. ಕೊಲೆನ್ಸೊ ದಾವೆ ಹೂಡಿದ. ರಾಜಕಾರಣಿ ಗ್ಲಾಡ್‌ಸ್ಟನ್ ಆ ನಿಧಿಯ ಧರ್ಮದರ್ಶಿಗಳಲ್ಲಿ ಒಬ್ಬನಾಗಿದ್ದರಿಂದ ದಾವೆ ಅವನ ಹೆಸರಿನಲ್ಲೇ ದಾಖಲಾಗಿದೆ. ನಿಧಿಯವರು ಸೋತರು. ಗಲಾಟೆ ಕೆನಡಾ ತನಕ ಮುಟ್ಟಿ ಅಲ್ಲಿನ ಬಿಷಪ್ಪರು ಸಭೆ ಕರೆಯಿರಿ ಎಂದು ಕೇಳಿದರು. 1867ರಲ್ಲಿ ಜಗತ್ತಿನ ಆಂಗ್ಲಿಕನ್ ಬಿಷಪ್ಪರು ಮೊದಲ ಸಲ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ್ದಕ್ಕೆ ಇದೂ ಒಂದು ಕಾರಣ. 1869ರಲ್ಲಿ ಗ್ರೇ ಪಕ್ಷದವರು ಅದೇ ಊರಿಗೆ ವಿಲಿಯಂ ಮ್ಯಾಕ್ರೋರಿ ಎಂಬ ಇನ್ನೊಬ್ಬ ಬಿಷಪ್ಪನನ್ನು ತಂದು ಕೂರಿಸಿದರು. ಒಂದೂರಿಗೆ ಇಬ್ಬರು ಬಿಷಪ್ಪರು. ಒಬ್ಬನ ಕೈಯಲ್ಲಿ ಕಾನೂನಿನ ಕಾಗದ, ಇನ್ನೊಬ್ಬನ ಹಿಂದೆ ಚರ್ಚಿನ ಮಂದಿ.

ಲೈಡನ್‌ನ ಓದುಗ

ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವರು ನ್ಯಾಯಾಲಯದಲ್ಲಿರಲಿಲ್ಲ. ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಅಬ್ರಹಾಂ ಕ್ಯೂನೆನ್ ಕೊಲೆನ್ಸೊನ ಲೆಕ್ಕಗಳನ್ನು ನಗದೆ ಓದಿದ. ಪಂಚಗ್ರಂಥಗಳು ಹಲವು ಮೂಲಗಳ ನೇಯ್ಗೆ ಎಂಬುದು ಆಗಾಗಲೇ ಪಂಡಿತರ ನಡುವೆ ಒಪ್ಪಿತವಾಗಿತ್ತು. ಅವುಗಳಲ್ಲಿ ಯಾಜಕ ವಿಧಿಗಳು, ವಂಶಾವಳಿ, ಜನಗಣತಿ ತುಂಬಿದ ಪದರವೇ ಎಲ್ಲಕ್ಕಿಂತ ಹಳೆಯದು, ನಂಬಿಕೆಗೆ ಯೋಗ್ಯವಾದದ್ದು ಎಂಬ ಅಭಿಪ್ರಾಯವಿತ್ತು. ಕ್ಯೂನೆನ್ ಕಂಡದ್ದು ಬೇರೆ. ಬಿಷಪ್ ಪಟ್ಟಿಮಾಡಿದ ಅಸಾಧ್ಯಗಳು ಹೆಚ್ಚಾಗಿ ಬೀಳುವುದು ಆ ಪದರದಲ್ಲೇ. ಜನಗಣತಿ ಅದರದು, ಗುಡಾರದ ಅಳತೆ ಅದರದು, ಪಾರಿವಾಳವೂ ಅದರದೇ. ಇಷ್ಟು ಕರಾರುವಾಕ್ಕಾಗಿ ಅಸಾಧ್ಯವನ್ನು ಬರೆದವನು ಕಣ್ಣಾರೆ ಕಂಡವನಲ್ಲ. ಎಷ್ಟೋ ಕಾಲದ ನಂತರ ಕೂತು ಆದರ್ಶ ಚಿತ್ರ ಬಿಡಿಸಿದವನು. ಹಳೆಯದೆಂದುಕೊಂಡಿದ್ದ ಪದರ ಎಲ್ಲಕ್ಕಿಂತ ಹೊಸದಾಗಿರಬಹುದು. ಈ ದಾರಿಗೆ ತನ್ನನ್ನು ಹಚ್ಚಿದವರಲ್ಲಿ ಕೊಲೆನ್ಸೊ ಒಬ್ಬ ಎಂದು ಕ್ಯೂನೆನ್ ಆಮೇಲೆ ತಾನೇ ಬರೆದುಕೊಂಡ. ವಿಚಿತ್ರವೆಂದರೆ ಕೊಲೆನ್ಸೊ ಆಗಿನ್ನೂ ಆ ತೀರ್ಮಾನಕ್ಕೆ ಬಂದಿರಲಿಲ್ಲ. ಹಳೆಯ ಪದರವನ್ನು ಪ್ರವಾದಿ ಸಮುವೇಲ ಬರೆದಿರಬೇಕು, ಧರ್ಮೋಪದೇಶಕಾಂಡವನ್ನು ಯೆರೆಮೀಯ ಬರೆದಿರಬೇಕು ಎಂದೆಲ್ಲ ಊಹಿಸುತ್ತಿದ್ದ.

1878ರಲ್ಲಿ ಜರ್ಮನಿಯ ಯೂಲಿಯುಸ್ ವೆಲ್‌ಹೌಸನ್ ಈ ಎಳೆಗಳನ್ನೆಲ್ಲ ಸೇರಿಸಿ ಹುರಿಗೊಳಿಸಿದ. ಮೊದಲು ಪ್ರವಾದಿಗಳು, ಆಮೇಲೆ ಶಾಸ್ತ್ರ ಎಂಬುದು ಅವನ ವಾದದ ತಿರುಳು. ಬೈಬಲ್ಲಿನಲ್ಲೇ ಅದಕ್ಕೆ ಆಧಾರಗಳಿವೆ. ದೇವರು ಆರಿಸಿದ ಒಂದೇ ಸ್ಥಳದಲ್ಲಿ ಬಲಿ ಕೊಡಬೇಕೆಂದು ಧರ್ಮೋಪದೇಶಕಾಂಡ ಕಟ್ಟಾಜ್ಞೆ ಮಾಡುತ್ತದೆ. ಆದರೆ ಸಮುವೇಲ ಊರೂರಲ್ಲಿ ಬಲಿ ಕೊಡುತ್ತಾನೆ, ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಕೊಡುತ್ತಾನೆ, ಯಾರೂ ತಡೆಯುವುದಿಲ್ಲ. ನಿಮ್ಮ ಪಿತೃಗಳನ್ನು ಐಗುಪ್ತದಿಂದ ಕರೆತಂದಾಗ ಯಜ್ಞ ಬಲಿಗಳ ವಿಷಯ ನಾನು ಹೇಳಲೇ ಇಲ್ಲ ಎಂದು ಯೆರೆಮೀಯನ 7ನೆಯ ಅಧ್ಯಾಯದಲ್ಲಿ ದೇವರೇ ನುಡಿಯುತ್ತಾನೆ. ಯೆಹೂದದ ಅರಸ ಯೋಷೀಯನ 18ನೆಯ ವರ್ಷ, ಕ್ರಿಸ್ತಪೂರ್ವ 622ರ ಸುಮಾರಿಗೆ, ದೇವಾಲಯದ ರಿಪೇರಿ ನಡೆಯುವಾಗ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಪುಸ್ತಕವೊಂದು ‘ಸಿಕ್ಕುತ್ತದೆ’. ಓದಿಸಿ ಕೇಳಿದ ಅರಸ ಬಟ್ಟೆ ಹರಿದುಕೊಳ್ಳುತ್ತಾನೆ. ಸಿಕ್ಕಿದ್ದು ಧರ್ಮೋಪದೇಶಕಾಂಡದ ತಿರುಳು ಎಂದು 1805ರಲ್ಲೇ ಜರ್ಮನ್ ಪಂಡಿತ ಡಿ ವೆಟ್ಟೆ ಗುರುತಿಸಿದ್ದ.

ಇಪ್ಪತ್ತನೆಯ ಶತಮಾನದಲ್ಲಿ ನೆಲ ಅಗೆದವರು ಮತ್ತಷ್ಟು ತಂದರು. 1901–02ರ ಚಳಿಗಾಲದಲ್ಲಿ ಇರಾನಿನ ಸೂಸಾದಲ್ಲಿ ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಶಾಸನದ ಕಲ್ಲು ಸಿಕ್ಕಿತು. ಅದರ ತಲೆಯ ಮೇಲೆ ಅರಸ ಸೂರ್ಯದೇವ ಶಮಾಷನ ಎದುರು ನಿಂತಿರುವ ಕೆತ್ತನೆಯಿದೆ. 1940ರ ದಶಕದಲ್ಲಿ ಬಾಗ್ದಾದಿನ ಬಳಿ ಸಿಕ್ಕಿದ ಎಷ್ನುನ್ನ ಎಂಬ ಪ್ರಾಚೀನ ನಗರರಾಜ್ಯದ ಕಾನೂನಿನಲ್ಲಿ ಹೀಗಿದೆ: ಒಂದು ಎತ್ತು ಇನ್ನೊಂದನ್ನು ಹಾಯ್ದು ಕೊಂದರೆ, ಬದುಕಿರುವ ಎತ್ತಿನ ಬೆಲೆಯನ್ನೂ ಸತ್ತದ್ದನ್ನೂ ಇಬ್ಬರೂ ಹಂಚಿಕೊಳ್ಳಬೇಕು. ವಿಮೋಚನಕಾಂಡ 21:35ನ್ನು ಪಕ್ಕದಲ್ಲಿಟ್ಟು ಓದಿ. ಹೆಚ್ಚೂಕಡಿಮೆ ಅದೇ ಮಾತು. ಮೋಶೆಯ ಕಾಲ ಎನ್ನುವುದಕ್ಕೆ ನೂರಾರು ವರ್ಷ ಮೊದಲಿನದು. ಎನ್‌ಗಿಡಿಯ ದಾಸನೂ ಈ ಎತ್ತೂ ಇರುವುದು ಒಂದೇ ಅಧ್ಯಾಯದಲ್ಲಿ.

ಕೊನೆಯ ವರ್ಷಗಳು

ಕೊಲೆನ್ಸೊಗೆ ಇದರಲ್ಲಿ ಹೆಚ್ಚಿನದೇನನ್ನೂ ನೋಡುವ ಯೋಗ ಇರಲಿಲ್ಲ. ಬಹಿಷ್ಕಾರದ ನಂತರವೂ ಅವನ ಬೆನ್ನಿಗೆ ನಿಂತಿದ್ದ ನಟಾಲ್‌ನ ಬಿಳಿಯರು ಬಿಟ್ಟುಹೋಗಿದ್ದು ಮೋಶೆಯ ಕಾರಣಕ್ಕಲ್ಲ. 1873ರಲ್ಲಿ ಲಂಗಲಿಬಲೇಲೆ ಎಂಬ ಹ್ಲುಬಿ ಪಂಗಡದ ನಾಯಕನನ್ನು ವಸಾಹತು ಸರ್ಕಾರ ಹಿಡಿದು ಬಾಯಿಮಾತಿನ ವಿಚಾರಣೆ ಮಾಡಿ ಗಡಿಪಾರು ಮಾಡಿತು. ಕೊಲೆನ್ಸೊ ಆ ವಿಚಾರಣೆಯ ಕಾಗದಗಳನ್ನು ಪಂಚಗ್ರಂಥ ಓದಿದ ಹಾಗೆಯೇ ಓದಿದ. ಯಾವ ಸಾಕ್ಷಿ ಯಾವಾಗ ಏನು ಹೇಳಿದ, ಎಲ್ಲಿ ಮಾತು ತಾಳೆಯಾಗುವುದಿಲ್ಲ ಎಂದು ಸಾಲುಸಾಲಾಗಿ ತೋರಿಸಿ ಲಂಡನ್‌ಗೆ ಕೊಂಡೊಯ್ದ. ಮೋಶೆಯನ್ನು ಕೆಣಕಿದಾಗ ಸಹಿಸಿಕೊಂಡಿದ್ದ ವಲಸಿಗರಿಗೆ ಇದು ಸಹನೆಯಾಗಲಿಲ್ಲ.

1879ರ ಜನವರಿಯಲ್ಲಿ ಇಸಾಂಡ್ಲ್ವಾನದಲ್ಲಿ ಜುಲು ಸೈನ್ಯ ಬ್ರಿಟಿಷರನ್ನು ಬಡಿದುಹಾಕಿತು. ಊರಿಗೆ ಊರೇ ಸೇಡಿಗಾಗಿ ಕುದಿಯುತ್ತಿತ್ತು. ಮಾರ್ಚಿನಲ್ಲಿ ಅದಕ್ಕಾಗಿ ಗೊತ್ತುಮಾಡಿದ ಪ್ರಾರ್ಥನೆಯ ದಿನ ಕೊಲೆನ್ಸೊ ಪೀಠ ಹತ್ತಿ ಮೀಕನ 6ನೆಯ ಅಧ್ಯಾಯ ಓದಿದ: ನ್ಯಾಯವಾಗಿ ನಡೆ, ಕರುಣೆಯನ್ನು ಪ್ರೀತಿಸು, ನಿನ್ನ ದೇವರ ಎದುರು ತಗ್ಗಿ ನಡೆದುಕೋ, ಇದನ್ನಲ್ಲದೆ ಯೆಹೋವನು ಬೇರೇನು ಕೇಳುತ್ತಾನೆ. ಸತ್ತ ನಮ್ಮವರಿಗಾಗಿ ಅಳುವ ನಾವು, ಈ ಯುದ್ಧ ಹೂಡಿದವರು ನಾವೇ ಎಂಬುದನ್ನೂ ಕೇಳಿಕೊಳ್ಳಬೇಕು ಎಂಬ ಧಾಟಿಯಲ್ಲಿ ಉಪದೇಶ ಸಾಗಿತು. ಯಾಜಕರ ವಿಧಿಗಳಿಗಿಂತ ಮೊದಲಿನವರು ಎಂದು ವೆಲ್‌ಹೌಸನ್ ಹಿಂದಿನ ವರ್ಷವಷ್ಟೇ ವಾದಿಸಿದ್ದ ಪ್ರವಾದಿಗಳ ಸಾಲಿನವನು ಈ ಮೀಕ. ಪರಿಶೀಲನೆಯ ಏಳನೆಯ, ಕೊನೆಯ ಭಾಗ ಬಂದದ್ದೂ ಅದೇ ವರ್ಷ.

1883ರ ಜೂನ್ 20ರಂದು ಕೊಲೆನ್ಸೊ ತೀರಿಕೊಂಡ. ಪೀಟರ್‌ಮಾರಿಟ್ಸ್‌ಬರ್ಗಿನ ಸೇಂಟ್ ಪೀಟರ್ಸ್ ಚರ್ಚಿನಲ್ಲಿ, ಹದಿನೇಳು ವರ್ಷದ ಹಿಂದೆ ಅವನ ಬಹಿಷ್ಕಾರ ಓದಿದ್ದ ಅದೇ ಚರ್ಚಿನಲ್ಲಿ, ಬಲಿಪೀಠದ ಎದುರಿಗೇ ಅವನನ್ನು ಹೂಳಿದರು.